ರಜೆ ಮುಗಿದ ಊರಿನಲ್ಲಿ ಒಬ್ಬ ಅಳಿಯ

ಬುಧವಾರ, ಮಧ್ಯಾಹ್ನ

ನಿನಗೆ,

…ಹಲ್ಲಿನ ಸೆಟ್ಟು ತೆಗೆದಿಟ್ಟ ಮುಖದ ಹಾಗಿರುತ್ತದೆ, ಎಂದದ್ದು ನೀನೋ ನಿನ್ನ ಅಮ್ಮನೋ ಈಗ ಸರಿಯಾಗಿ ನೆನಪಿಲ್ಲ. ರಜೆ ಮುಗಿದು ಜನವೆಲ್ಲ ಹೊರಟುಹೋದ ಮೇಲೆ ಇಂಥ ಕಡಲ ದಂಡೆಯ ಊರು ಹೇಗಿರುತ್ತದೆ ಎಂದು ಯಾರೋ ಕೇಳಿದ್ದಕ್ಕೆ ಬಂದ ಉತ್ತರ ಅದು. ಮೂವರೂ ಊಟಕ್ಕೆ ಕೂತಿದ್ದೆವು. ನಗು ಕೇಳಿಸಿದ್ದು ನೆನಪಿದೆ; ನಕ್ಕವರು ಯಾರು ಎನ್ನುವುದು ನೆನಪಿಲ್ಲ. ಶನಿವಾರ ಬಸ್ಸಿಳಿದು ಕಡಲ ದಂಡೆಯ ರಸ್ತೆಗೆ ಬಂದಾಗ ಆ ಮಾತು ಅರ್ಧ ಸರಿ ಎನ್ನಿಸಿತು. ಮುಖವೇನೋ ಕುಗ್ಗಿದೆ. ಆದರೆ ಹಲ್ಲಿಲ್ಲದ ಮುದುಕರಂತೆ ಈ ಊರು ಬೇಕೆಂದೇ ನಗುತ್ತದೆ.

ಬಿಸಿಲಿಗೆ ಮಾತ್ರ ರಜೆ ಮುಗಿದ ಸುದ್ದಿ ತಲುಪಿಲ್ಲ. ಬೆಳಗಾದರೆ ಬಂದು, ಮಡಚಿ ಕಟ್ಟಿದ ಛತ್ರಿಗಳ ಮೇಲೆ, ಸರಪಳಿ ಬಿಗಿದ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ, ಗೋಡೆಗೆ ಮುಖ ಮಾಡಿ ನಿಲ್ಲಿಸಿದ ಐಸ್‌ಕ್ರೀಮ್ ಪೆಟ್ಟಿಗೆಯ ಮೇಲೆ ಅಷ್ಟೇ ಶ್ರದ್ಧೆಯಿಂದ ಬೀಳುತ್ತದೆ. ಯಾರಿಗೂ ಬೇಡದ ಇಷ್ಟು ಬಿಸಿಲನ್ನು ನಾನು ಹಿಂದೆ ಒಂದೇ ಕಡೆ ನೋಡಿರಲಿಲ್ಲ. ಟೋಪಿ ಮಾರುವ ಒಂದು ಅಂಗಡಿ ತೆರೆದಿತ್ತು. ಅಂಗಡಿಯವನು ತನ್ನದೇ ಸರಕನ್ನು ಮುಖದ ಮೇಲೆ ಮುಚ್ಚಿಕೊಂಡು ಮಲಗಿದ್ದ. ನನ್ನ ಹೆಜ್ಜೆಗೆ ಎದ್ದು, "ತಗೊಳ್ಳಿ ಸಾರ್, ಬೋಣಿ ಮಾಡಿ" ಅಂದ. ಸಂಜೆಯಾಗುತ್ತ ಬಂದಿತ್ತು. "ಇಷ್ಟೊತ್ತಾದ್ರೂ ಇವತ್ತಿನ ಬೋಣಿ ಆಗಿಲ್ವಾ?" ಅಂದೆ. "ಇವತ್ತಿಂದು ಯಾರು ಕೇಳ್ತಾರೆ ಸಾರ್, ಈ ತಿಂಗಳಿನ ಬೋಣಿ" ಅಂದ. ಟೋಪಿ ತೆಗೆದುಕೊಂಡೆ. ತಲೆಗೆ ದೊಡ್ಡದು. ಈಗ ಅದನ್ನು ಕೆಳಗೆ ಹಾಕಿ ಅದರ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ. ಬೀಗ ಹಾಕಿದ ಹೋಟೆಲಿನ ಮೆಟ್ಟಿಲು ಕಾದು ಹೆಂಚಾಗಿದೆ.

ನೀನು ನನ್ನನ್ನು ಕಳಿಸಿದ್ದು ಎರಡು ಕೆಲಸಕ್ಕೆ. ಅತ್ತೆಯನ್ನು ನಿನ್ನ ಮನೆಗೆ ಕರೆತರುವುದು ಒಂದು. ನಾವಿಬ್ಬರೂ ಬೇರೆ ಬೇರೆ ಇರತೊಡಗಿ ವರ್ಷವಾಗುತ್ತ ಬಂತು, ಮುಂದಿನ ತಿಂಗಳು ಕೋರ್ಟಿನಲ್ಲಿ ಸಹಿ ಬಿದ್ದರೆ ಮದುವೆ ಮುಗಿಯುತ್ತದೆ ಎಂದು ಅವರಿಗೆ ಹೇಳುವುದು ಇನ್ನೊಂದು. ಫೋನಿನಲ್ಲಿ ಹೇಳಲು ನಿನ್ನಿಂದ ಆಗಲಿಲ್ಲ. 'ಎದುರಿಗೆ ಹೋದರೆ ನನಗೆ ಅಳು ಬರುತ್ತದೆ, ನಿನ್ನ ಮುಖದಲ್ಲಾದರೆ ಏನೂ ಕಾಣುವುದಿಲ್ಲ, ನೀನೇ ಹೋಗು' ಎಂದು ನನಗೆ ಹೇಳಿದೆ. ನಾನು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡೆ. ಮೊದಲನೆಯದರ ಫಲ ಈಗಲೇ ಹೇಳಿಬಿಡುತ್ತೇನೆ: ಅತ್ತೆ ಬರುವುದಿಲ್ಲ. ನಾಳೆ ಬೆಳಗಿನ ಬಸ್ಸಿಗೆ ನಾನೊಬ್ಬನೇ ಹೊರಡುತ್ತೇನೆ. ಎರಡನೆಯದರ ಹತ್ತಿರ ಬರಬೇಕಾದರೆ ಸ್ವಲ್ಪ ಸುತ್ತಬೇಕು. ನಾನು ನೇರ ದಾರಿಯಲ್ಲಿ ಎಲ್ಲಿಗೂ ಹೋದವನಲ್ಲ ಎಂದು ನಿನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ.

ನಾನು ಹೋದಾಗ ಅತ್ತೆ ಮೂರನೇ ಮಹಡಿಯ ಕಿಟಕಿಯಲ್ಲಿ ಕಾಲೊರಸು ಕೊಡವುತ್ತಿದ್ದರು. ಕೆಳಗೆ ನಾನು ತಲೆಯೆತ್ತಿ ನೋಡಿದೆ. ಅವರು, "ಅಲ್ಲೇ ನಿಲ್ಲಿ! ಧೂಳು ಬೀಳತ್ತೆ!" ಅಂದರು. ಮದುವೆಯಾದಾಗಿನಿಂದ ಅವರು ನನಗೆ ನೇರವಾಗಿ ಹೇಳಿದ ಮೊದಲ ಮಾತು ಅದೇ ಇರಬೇಕು. ನಿನಗೆ ಇದು ಹೊಸದಲ್ಲ. ನಮ್ಮ ಮನೆಯಲ್ಲಿ ಅವರು ಇದ್ದಷ್ಟು ದಿನವೂ ನಮ್ಮಿಬ್ಬರ ಮಾತು ನಿನ್ನ ಮೂಲಕವೇ ಹೋಗಿ ಬರುತ್ತಿತ್ತು. "ಅವರಿಗೆ ಇನ್ನೊಂದು ಲೋಟ ಚಹಾ ಬೇಕಾ ಕೇಳು." "ಸಾಕಂತೆ ಅಂತ ಅಮ್ಮನಿಗೆ ಹೇಳು." ಮೂವರೂ ಒಂದೇ ಮೇಜಿನ ಸುತ್ತ. ನೀನು ಅಂಚೆಯಣ್ಣನಂತೆ ಆ ಕಡೆಗೂ ಈ ಕಡೆಗೂ ಮುಖ ತಿರುಗಿಸುತ್ತ ಕೂತಿರುತ್ತಿದ್ದೆ. ನಮ್ಮಲ್ಲಿ ಜಗಳವಿರಲಿಲ್ಲ, ಸಂಕೋಚವೋ ಸೋಮಾರಿತನವೋ ಇದ್ದಿರಬಹುದು. ಅಂಚೆಯಣ್ಣನೇ ಇಲ್ಲದ ಊರಿನಲ್ಲಿ ಮೊದಲ ಸಂಜೆ ನಾವಿಬ್ಬರೂ ಕೆಟಲಿಗೆ, ನಲ್ಲಿಗೆ, ಬೀಗದ ಕೈ ಗೊಂಚಲಿಗೆ ಮಾತು ಹೇಳುತ್ತ ಕಳೆದೆವು. "ಈ ಕೆಟಲು ಬೇಗ ಕಾಯಲ್ಲ" ಎಂದು ಅವರು ಕೆಟಲಿಗೆ ಹೇಳಿದರೆ, ಇನ್ನೂ ಸ್ವಲ್ಪ ಹೊತ್ತು ಕೂತಿರಿ ಎಂದು ನಾನು ತಿಳಿದುಕೊಳ್ಳಬೇಕಿತ್ತು.

ಅವರ ಕೆಲಸ ಏನೆಂದು ನಿನಗೆ ಸರಿಯಾಗಿ ತಿಳಿದಿಲ್ಲ ಎಂದು ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ನೀನು 'ಯಾವುದೋ ಅಪಾರ್ಟ್‌ಮೆಂಟಿನಲ್ಲಿ ಕಸ ಹೊಡೆಯುತ್ತಿದ್ದಾರೆ' ಎನ್ನುವಂತೆ ಹೇಳಿದ್ದೆ. ಹಾಗಲ್ಲ. ಕಟ್ಟಡದ ಮನೆಗಳೆಲ್ಲ ರಜೆಯಲ್ಲಿ ಮಾತ್ರ ಬರುವವರದು. ಉಳಿದ ಕಾಲದಲ್ಲಿ ಅವಕ್ಕೆ ಗಾಳಿಯಾಡಿಸಬೇಕು. ಎರಡು ಮಹಡಿಗಳ ಬೀಗದ ಕೈ ಅತ್ತೆಯ ಸೊಂಟದಲ್ಲಿ. ವಾರಕ್ಕೊಮ್ಮೆ ಒಂದೊಂದು ಮನೆ ತೆರೆದು, ಎದುರುಬದುರಿನ ಕಿಟಕಿಗಳನ್ನು ತೆಗೆದು, ಫ್ಯಾನು ತಿರುಗಿಸಿ, ನಲ್ಲಿಯಲ್ಲಿ ಕೆಂಪು ನೀರು ಹೋಗಿ ಬಿಳಿ ನೀರು ಬರುವವರೆಗೆ ಬಿಟ್ಟು, ಬಚ್ಚಲಿನ ತೂಬಿಗೆ ಒಂದೊಂದು ಚೊಂಬು ನೀರು ಸುರಿಯುವುದು. ಹಾಗೆ ಸುರಿಯದಿದ್ದರೆ ಕೊಳವೆಯೊಳಗಿನ ನೀರು ಒಣಗಿ ಕೆಳಗಿನ ನಾತ ಮೇಲೆ ಬರುತ್ತದಂತೆ. ಹಾಸಿಗೆಗಳನ್ನು ಮಗ್ಗುಲಾಗಿ ನಿಲ್ಲಿಸುವುದು, ಕಿಟಕಿಯ ಕೀಲುಗಳ ಮೇಲೆ ಕೂತ ಉಪ್ಪನ್ನು ಒರೆಸುವುದು. ಆಮೇಲೆ ಎಲ್ಲವನ್ನೂ ಇದ್ದ ಹಾಗೇ ಇಟ್ಟು ಹೊರಬರುವುದು. ಯಾರೂ ಬಂದಿರಲೇ ಇಲ್ಲ ಎನ್ನುವ ಹಾಗೆ.

ಮೂವತ್ತು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವರು. ಇಲ್ಲಿಯೂ ಎಲ್ಲರಿಗೂ ಅವರು ವಾರ್ಡನಮ್ಮನೇ. ಖಾಲಿ ಮನೆಯೆಂದು ಗೊತ್ತಿದ್ದೂ ಬಾಗಿಲು ತಟ್ಟಿ, ಎರಡು ಉಸಿರು ಕಾದು, ಆಮೇಲೆ ಬೀಗ ತೆಗೆಯುತ್ತಾರೆ. ಒಳಗೆ ಯಾರೂ ಇಲ್ಲವಲ್ಲ ಎಂದೆ. "ಗೊತ್ತಿದ್ದೇ ತಟ್ಟೋದು. ಹುಡುಗೀರ ರೂಮಿಗೆ ದಢಾರ್ ಅಂತ ನುಗ್ಗಿದ್ರೆ ಏನೇನ್ ನೋಡಬೇಕಾಗತ್ತೋ! ನಾನು ಅದಕ್ಕೇ ಯಾವತ್ತೂ ಏನೂ ನೋಡ್ಲಿಲ್ಲ" ಅಂದರು. ಹೇಳುತ್ತ ಅವರು ನನ್ನ ಕಡೆ ನೋಡಲಿಲ್ಲ. ಈ ಮಾತು ಕೆಟಲಿಗೆ ಹೇಳಿದ್ದಲ್ಲ, ನನಗೇ ಎಂದು ಅನ್ನಿಸಿತು.

ಭಾನುವಾರ ಬೆಳಗ್ಗೆ ಚೊಂಬು ಹಿಡಿದು ಅವರ ಹಿಂದೆ ತಿರುಗುತ್ತ, ನಿನ್ನ ಮೊದಲನೆಯ ಕೆಲಸಕ್ಕೆ ಕೈ ಹಾಕಿದೆ. ಮೊಣಕಾಲು ನೋಯುತ್ತದೆ ಎಂದಿದ್ದೀರಂತೆ, ಅವಳು ಕರೆದುಕೊಂಡು ಬಾ ಅಂದಿದ್ದಾಳೆ, ಎಂದೆ. "ಮೊಣಕಾಲು ನಾನು ಎಲ್ಲಿಗೆ ಹೋದ್ರೂ ಜೊತೇಲೇ ಬರತ್ತೆ. ಅದನ್ನ ಇಲ್ಲೇ ಬಿಟ್ಟು ಬರೋ ಹಾಗಿದ್ರೆ ಹೇಳಿ, ಇವತ್ತೇ ಹೊರಡ್ತೀನಿ." ಅಲ್ಲಿ ನಿಮಗೆ ಮೆಟ್ಟಿಲು ಹತ್ತುವ ಕೆಲಸವಿರುವುದಿಲ್ಲ ಎಂದೆ. "ಹತ್ತೋದು ಬಿಟ್ಟ ದಿನ ಇಳಿಯೋದೂ ಬಿಡಬೇಕಾಗತ್ತೆ. ಅಲ್ಲಿ ಬಂದು ಏನ್ ಮಾಡ್ಲಿ? ಅವಳು ಆಫೀಸಿಗೆ ಹೋಗ್ತಾಳೆ. ನೀವು ನಿಮ್ಮ ಅಂಗಡಿಗೆ ಹೋಗ್ತೀರಿ. ನಾನು ಟೀವಿ ಎದುರಿಗೆ ಕೂತು ಬೇರೆಯೋರ ಸೊಸೆಯಂದಿರನ್ನ ಬೈಕೊಂಡಿರಬೇಕು." 'ನೀವು ನಿಮ್ಮ ಅಂಗಡಿಗೆ ಹೋಗ್ತೀರಿ' ಎಂದಾಗ ನನ್ನ ಕೈಯ ಚೊಂಬು ತುಂಬಿ ಚೆಲ್ಲಿತು. ಆ ಹೊತ್ತಿನಲ್ಲಿ ಹೇಳಬಹುದಿತ್ತು. ನೆಲ ಒರೆಸಿದೆ.

ಹಾಗೇ ಮುಂದಿನ ಮನೆಯ ಬಾಗಿಲು ತಟ್ಟುತ್ತ ಅವರು, "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಅಳಿಯಂದಿರಿಗೆ ಒಂದು ಕಾಲ ಅಂತ ಯಾರಾದ್ರೂ ಹೇಳಿದ್ದಾರಾ?" ಎಂದು ಕೇಳಿದರು. ಇಲ್ಲ ಎಂದೆ. "ನಿಮಗೆ ವರ್ಷವಿಡೀ ಆಫ್ ಸೀಸನ್ನೇ" ಎಂದು ನಕ್ಕು ಬೀಗ ತೆಗೆದರು. ಅವರು ಇಷ್ಟು ಮಾತಾಡುತ್ತಾರೆಂದು ನನಗೆ ತಿಳಿದಿರಲಿಲ್ಲ. ನಿನ್ನ ಮೂಲಕ ಬರುವಾಗ ಅವರ ಮಾತಿನ ನಗೆಯನ್ನೆಲ್ಲ ನೀನೇ ಇಟ್ಟುಕೊಂಡು ಬರೀ ಅರ್ಥವನ್ನು ನನಗೆ ದಾಟಿಸುತ್ತಿದ್ದೆ ಎಂದು ಕಾಣುತ್ತದೆ. ದೂರುತ್ತಿಲ್ಲ.

ಅವರ ಸ್ವಂತ ಕೋಣೆ ನೆಲಮಟ್ಟದಲ್ಲಿ, ಕಟ್ಟಡದ ಹಿಂದೆ, ಕರೆಂಟಿನ ಮೀಟರುಗಳ ಪಕ್ಕದಲ್ಲಿದೆ. ಕಿಟಕಿ ತೆರೆದರೆ ಜನರೇಟರು. ಸಮುದ್ರದ ಸದ್ದು ಕೇಳುತ್ತದೆ, ಸಮುದ್ರ ಕಾಣುವುದಿಲ್ಲ. ಅದಕ್ಕೆ ಅವರು ಮಾಡಿಕೊಂಡಿರುವ ಉಪಾಯವನ್ನು ಭಾನುವಾರ ಸಂಜೆ ನನಗೆ ತೋರಿಸಿದರು. ನಾಲ್ಕನೇ ಮಹಡಿಯ ಕೊನೆಯ ಮನೆ ಒಬ್ಬ ನಿವೃತ್ತ ಜಡ್ಜಿನದು. ಅದರ ಒಳಕೋಣೆಯ ಕಿಟಕಿಗೆ ಎದುರಾಗಿ ಒಂದು ಬೆತ್ತದ ಕುರ್ಚಿ. ಸಂಜೆ ಬಾಗಿಲು ತಟ್ಟಿ ಒಳಗೆ ಹೋಗಿ, ಆ ಕುರ್ಚಿಯಲ್ಲಿ ಹೊತ್ತು ಮುಳುಗುವವರೆಗೆ ಕೂತು, ಎದ್ದು, ದಿಂಬಿನ ತಗ್ಗನ್ನು ಕೈಯಿಂದ ತಟ್ಟಿ ಸರಿ ಮಾಡಿ ಬರುತ್ತಾರೆ. ಕಟ್ಟಡದ ನಿಯಮದ ಪ್ರಕಾರ ಒಳಕೋಣೆಯ ಕಿಟಕಿ ತೆರೆಯಬಹುದು, ಕೂರುವ ಹಾಗಿಲ್ಲ. ಹೊರಗಿನವರನ್ನು ಒಳಗೆ ಬಿಡುವ ಹಾಗಂತೂ ಇಲ್ಲವೇ ಇಲ್ಲ. ಹಿಂದೊಬ್ಬಳು ಗೆಳತಿಯನ್ನು ಕರೆತಂದಳೆಂದು ಅವತ್ತೇ ಬೀಗದ ಕೈ ಕಿತ್ತುಕೊಂಡರಂತೆ. ಕೆಲಸದವರ ಸ್ವಂತ ಮನೆಯವರಾದರೆ ನಡೆಯುತ್ತದೆ, ಭಾರ ಎತ್ತಲು ಒಬ್ಬರು ಬೇಕಲ್ಲ. "ನೀವು ಮನೆಯವರು ತಾನೇ. ಬನ್ನಿ" ಅಂದರು.

ಅವರು ಕುರ್ಚಿಯಲ್ಲಿ, ನಾನು ಕಿಟಕಿಯ ಕಟ್ಟೆಯ ಮೇಲೆ. ಸಮುದ್ರ ವಿಶೇಷವೇನೂ ಮಾಡುತ್ತಿರಲಿಲ್ಲ. ದಂಡೆಯ ಮೇಲೆ ಒಬ್ಬ ನಾಯಿಯ ಜೊತೆ ನಡೆಯುತ್ತಿದ್ದ, ಅಥವಾ ನಾಯಿ ಅವನ ಜೊತೆ. ನಾನು ಮಾತನ್ನು ಸಿದ್ಧ ಮಾಡಿಕೊಂಡಿದ್ದೆ. ನಿಮಗೊಂದು ವಿಷಯ ಹೇಳಬೇಕು ಎಂದೆ. ಅವರು ಕೇಳಿಸಿಕೊಂಡರೋ ಇಲ್ಲವೋ, ತಮ್ಮದೇ ಮಾತು ಶುರು ಮಾಡಿದರು. ನಮ್ಮ ಮನೆಯಲ್ಲಿ ಕೆಲವು ತಿಂಗಳಿದ್ದು, ಗೆಳತಿಯರ ಜೊತೆ ಪ್ರವಾಸಕ್ಕೆಂದು ಈ ಊರಿಗೆ ಬಂದವರು ಇಲ್ಲೇ ಏಕೆ ಉಳಿದರು ಎಂದು ನೀನು ಎಷ್ಟು ಸಲ ಕೇಳಿದ್ದೀ. ನಿನಗೆ ಸಿಗದ ಉತ್ತರ ಕೇಳದ ನನಗೆ ಸಿಕ್ಕಿತು. "ನಿಮ್ಮ ಮನೇಲಿ ನನಗೆ ಯಾರೂ ಏನೂ ಅನ್ಲಿಲ್ಲ. ಜಗಳ ಆಡೋರ ಮನೇಲಾದ್ರೆ ಹಿರಿಯರು ಅಂತ ನಡುವೆ ಹೋಗಬಹುದು, ಒಬ್ಬರನ್ನ ಬೈಬಹುದು, ಒಬ್ಬರನ್ನ ಸಮಾಧಾನ ಮಾಡಬಹುದು. ಸುಮ್ಮನಿರೋರ ನಡುವೆ ಎಲ್ಲಿ ಅಂತ ಹೋಗೋದು ಹೇಳಿ? ಹುಡುಗೀರ ಹಾಸ್ಟೆಲಿನಲ್ಲಿ ಗಲಾಟೆ ಆದ್ರೆ ನನಗೆ ನಿದ್ದೆ ಬರ್ತಿತ್ತು. ನಿಮ್ಮ ಮನೇಲಿ ಬರ್ಲಿಲ್ಲ."

ನನ್ನ ಮಾತು ಬಾಯೊಳಗೇ ಇತ್ತು. ಆಗ ನನಗೆ ಎದುರಿನ ಗೋಡೆ ಕಾಣಿಸಿತು.

ಗೋಡೆಯ ಮೇಲೆ ಒಂದು ಅಗಲವಾದ ಗುಂಪು ಫೋಟೊ, ಯಾವುದೋ ಬೀಳ್ಕೊಡುಗೆಯದು. ಕೂತವರು, ನಿಂತವರು, ನಡುವೆ ಹಾರ ಹಾಕಿಕೊಂಡ ಜಡ್ಜು. ಅಷ್ಟು ಅಗಲದ ಚೌಕಟ್ಟಿಗೆ ಒಂದೇ ಮೊಳೆ. ಬಾಗಿಲು ಬಡಿದಾಗಲೆಲ್ಲ ಹಿಂದಿನ ದಾರ ಮೊಳೆಯ ಮೇಲೆ ಜಾರಿ, ಬಲಗಡೆಗೆ ವಾಲಿತ್ತು. ಕೂತವರೆಲ್ಲ ಒಂದು ಕಡೆಗೆ ಉರುಳಿಬೀಳುವಂತೆ ಕಾಣುತ್ತಿದ್ದರು. ಫೋಟೊಗಳಿಗೆ ಕಟ್ಟು ಹಾಕುವುದನ್ನೇ ಕಸುಬು ಮಾಡಿಕೊಂಡವನ ಕಣ್ಣಿಗೆ ಸೊಟ್ಟ ಚೌಕಟ್ಟು ಹೇಗೆ ಎಂದು ನಿನಗೆ ವಿವರಿಸಬೇಕಿಲ್ಲ. ನೆಂಟರ ಮನೆ, ಬ್ಯಾಂಕು, ಆಸ್ಪತ್ರೆ, ಕೊನೆಗೆ ವಕೀಲರ ಕೋಣೆಯಲ್ಲಿಯೂ ನಾನು ಎದ್ದು ಹೋಗಿ ಗೋಡೆಯ ಮೇಲಿನದನ್ನು ನೆಟ್ಟಗೆ ಮಾಡಿದಾಗ ನೀನು ಬೇರೆ ಕಡೆ ತಿರುಗಿ ಕೂತಿದ್ದೆ. ಮೇಸ್ತ್ರಿಗಳು ಗೋಡೆಯ ಮಟ್ಟ ನೋಡುವ, ಒಳಗೆ ಗುಳ್ಳೆ ಓಡಾಡುವ ಆ ಕೋಲಿನ ಹೆಸರನ್ನು ನನಗಿಟ್ಟವಳು ನೀನೇ. ಜಡ್ಜಿನ ಮನೆಯಲ್ಲಿ ಆ ಸಂಜೆ ನಾನು ಎದ್ದೆ. ಬಾಗಿಲಿನ ಮೇಲಿನ ಪಟ್ಟಿಯನ್ನು ಕಣ್ಣಿನಲ್ಲಿ ಹಿಡಿದು ಚೌಕಟ್ಟನ್ನು ನೆಟ್ಟಗೆ ಮಾಡಿದೆ. ಮತ್ತೆ ಜಾರದಿರಲೆಂದು ಬಸ್ ಟಿಕೆಟನ್ನು ಮಡಚಿ ಕೆಳಗಿನ ಮೂಲೆಯ ಹಿಂದೆ ಸಿಕ್ಕಿಸಿದೆ. ತಿರುಗಿ ಬಂದು ಕೂತಾಗ ಹೊತ್ತು ಮುಳುಗಿತ್ತು. ಅತ್ತೆ ಎದ್ದು ದಿಂಬು ತಟ್ಟುತ್ತಿದ್ದರು.

ಮಂಗಳವಾರ, ಅಂದರೆ ನಿನ್ನೆ, ಬೆಳಗ್ಗೆ ಚಹಾ ಕುಡಿಯುತ್ತಿದ್ದಾಗ ಕಟ್ಟಡದ ಮ್ಯಾನೇಜರ್ ಬಂದ. ಸೀಸನ್ನಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕುವವನಿರಬೇಕು; ಈಗ ಚಡ್ಡಿ, ಹವಾಯಿ ಚಪ್ಪಲಿ. ಒಳ್ಳೆಯವನು, ಆದರೆ ಹೆದರಿದ್ದ. "ವಾರ್ಡನಮ್ಮ, ಜಡ್ಜ್ ಸಾಹೇಬ್ರ ಮನೆ ಒಳರೂಮಿಗೆ ಯಾರು ಹೋಗಿದ್ರು?" ಅತ್ತೆ, ಕಿಟಕಿ ತೆರೆಯಲು ನಾನೇ ಹೋಗಿದ್ದೆ ಅಂದರು. "ಕಿಟಕಿ ಬಿಡಿ. ಸಾಹೇಬ್ರು ಹೊರಡೋ ದಿನ ಒಂದೊಂದು ಗೋಡೇದೂ ಫೋಟೊ ಹೊಡ್ಕೊಂಡು ಹೋಗ್ತಾರೆ. ತಿಂಗಳಿಗೊಂದ್ಸಲ ನಾನೂ ಹೊಡೆದು ಕಳಿಸ್ಬೇಕು. ನಿನ್ನೆ ಕಳಿಸಿದೆ. ಬೆಳಗ್ಗೆ ಬೆಳಗ್ಗೆ ಫೋನು: ನನ್ನ ಫೋಟೊ ನೆಟ್ಟಗೆ ನಿಂತಿದೆ, ಯಾರು ನುಗ್ಗಿದ್ರು ಅಂತ!"

ಮೊದಲು ನನಗೆ ನಗು ಬಂತು. ಕೆಲಸ ಸರಿಯಾಗಿದೆ ಎಂದು ದೂರು ಬಂದದ್ದು ನನ್ನ ಕಸುಬಿನಲ್ಲಿ ಇದೇ ಮೊದಲು. ಆಮೇಲೆ ಅತ್ತೆಯ ಕೈ ನೋಡಿದೆ. ಅವರು ಸೊಂಟದ ಬೀಗದ ಕೈ ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದಿದ್ದರು, ಸದ್ದಾಗದ ಹಾಗೆ. ಬೀಗದ ಕೈ ಹೋದರೆ ಆ ಮೀಟರು ಕೋಣೆಯೂ ಹೋಗುತ್ತದೆ. ಕೋಣೆ ಹೋದರೆ ಈ ಊರೂ ಹೋಗುತ್ತದೆ. ಆಗ ಅವರು ನಿನ್ನ ಮನೆಗೆ ಬರುತ್ತಾರೆ. ನೀನು ಕಳಿಸಿದ ಕೆಲಸ ನಾನು ಬಾಯಿ ಬಿಡದೆಯೇ ಆಗಿಹೋಗುತ್ತಿತ್ತು. ಇದನ್ನು ನಾನು ಆಗಲೇ ಯೋಚಿಸಿದೆ ಎಂದು ನಿನಗೆ ಗೊತ್ತಾಗಲಿ. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದರಲ್ಲಿ ನನ್ನಷ್ಟು ಪಳಗಿದವರು ಇನ್ನೊಬ್ಬರಿಲ್ಲ.

ನಾನು ಮಾಡಿದ್ದು, ಎಂದೆ.

ಮ್ಯಾನೇಜರ್ ನನ್ನನ್ನು ಆಗ ತಾನೇ ನೋಡಿದವನಂತೆ ನೋಡಿದ. "ಇವರು ಯಾರು? ನಿಮಗೇನಾಗಬೇಕು?" ಎಂದು ಅತ್ತೆಯನ್ನು ಕೇಳಿದ. ಅತ್ತೆ ಚಹಾದ ಲೋಟ ಕೆಳಗಿಟ್ಟರು. ಬಾಗಿಲು ತಟ್ಟಿ ಕಾಯುತ್ತಾರಲ್ಲ, ಅಷ್ಟು ಹೊತ್ತು ಸುಮ್ಮನಿದ್ದರು. "ಅಳಿಯ" ಅಂದರು. ಅವನು, "ಅಳಿಯ ಅಂದ್ರೆ? ದೂರದ ಸಂಬಂಧಾನಾ?" ಅಂದ. "ಅಳಿಯ ಅಲ್ಲ, ಮಗಳ ಗಂಡ ಅಂತಾರಲ್ಲ, ಹಾಗೆ. ಇನ್ನೆಷ್ಟು ಹತ್ತಿರ ಬೇಕಪ್ಪಾ ನಿನಗೆ? ಹಾಸಿಗೆ ಎತ್ತಿ ನಿಲ್ಲಿಸೋಕೆ ನನ್ನ ಕೈಲಿ ಆಗಲ್ಲ ಅಂತ ನಾನೇ ಕರೆದೆ. ಫೋಟೊಗೆ ಕಟ್ಟು ಹಾಕೋರು, ಗೋಡೆ ಮೇಲೆ ಏನೇ ಸೊಟ್ಟ ಇದ್ರೂ ಇವರಿಗೆ ತಡೆಯಲ್ಲ. ಕಾಯಿಲೆ. ಔಷಧಿ ಇಲ್ಲ. ನನ್ನ ಮಗಳು ಇಷ್ಟು ವರ್ಷದಿಂದ ಅನುಭವಿಸ್ತಿದ್ದಾಳೆ."

ಅವನು ಅಲ್ಲೇ ಜಡ್ಜಿಗೆ ಫೋನು ಹಚ್ಚಿದ. "ಹೊರಗಿನವರಲ್ಲ ಸಾರ್. ಅವರ ಅಳಿಯ. ಹೂಂ ಸಾರ್, ಸ್ವಂತ. ಕಟ್ಟು ಹಾಕೋರಂತೆ ಸಾರ್… ಕೊಡ್ತೀನಿ ಸಾರ್." ಫೋನು ನನ್ನ ಕೈಗೆ ಬಂತು. ಮುದಿ ದನಿ, ಆದರೆ ಗಟ್ಟಿ. "ಹೆಂಡತಿ ಎಲ್ರೀ?" ಎಂದರು ಮೊದಲಿಗೆ. ಊರಿನಲ್ಲಿದ್ದಾಳೆ ಎಂದೆ. ಅದು ನಿಜ. "ಅತ್ತೆ ಕೆಲಸ ಮಾಡೋ ಜಾಗಕ್ಕೆ ಬಂದು ಕೈ ಕಟ್ಕೊಂಡು ಇರೋಕೆ ಬರಲ್ವೇನ್ರೀ ನಿಮಗೆ?" ಬರುವುದಿಲ್ಲ ಎಂದೆ. ಒಂದೇ ಮೊಳೆ ಹೊಡೆಸಿದ್ದೀರಿ, ಬಾಗಿಲು ಬಡಿದಾಗಲೆಲ್ಲ ದಾರ ಜಾರುತ್ತದೆ, ಅಷ್ಟು ಅಗಲಕ್ಕೆ ಎರಡು ಬೇಕು ಎಂದೂ ಹೇಳಿದೆ. "ಅದು ನನ್ನ ಹೆಂಡತಿ ಹೊಡೆದ ಮೊಳೆ" ಅಂದರು. ಆಮೇಲೆ ತೀರ್ಪು ಹೇಳಿದರು. ಫೋಟೊ ಮೊದಲು ಹೇಗಿತ್ತೋ ಹಾಗೇ ಮಾಡಬೇಕು, ಇವತ್ತೇ. ಸೀಸನ್ ಶುರುವಾಗಿ ತಾವು ಬಂದಾಗ ಈ ಅಳಿಯ ಬರಬೇಕು, ತಮ್ಮೆದುರಿಗೆ ಎರಡನೇ ಮೊಳೆ ಹೊಡೆಯಬೇಕು. "ಬರದೇ ಇದ್ರೆ ವಾರ್ಡನಮ್ಮ ಯಾರನ್ನೋ ಕರ್ಕೊಂಡು ಬಂದು ಅಳಿಯ ಅಂದ್ರು ಅಂತ ತಿಳ್ಕೋತೀನಿ. ಆಗ ಬೀಗದ ಕೈ ವಿಷಯ ಮಾತಾಡೋಣ."

ಬರುತ್ತೇನೆ ಎಂದೆ.

ಇನ್ನು ಸೊಟ್ಟ ಮಾಡುವ ಕೆಲಸ. ಇಷ್ಟು ವರ್ಷದ ಕಸುಬಿನಲ್ಲಿ ಇದಕ್ಕಿಂತ ಕಷ್ಟದ್ದನ್ನು ನಾನು ಮಾಡಿಲ್ಲ. ಮ್ಯಾನೇಜರ್ ಜಡ್ಜು ಕಳಿಸಿದ ಫೋಟೊವನ್ನು ತನ್ನ ಮೊಬೈಲಿನಲ್ಲಿ ತೆರೆದು ಅತ್ತೆಯ ಕೈಗೆ ಕೊಟ್ಟು ತಾನು ಬಾಗಿಲಿಗೆ ಒರಗಿ ನಿಂತ. ಅತ್ತೆಗೆ ಕನ್ನಡಕ ತರಲು ಮರೆತಿತ್ತು. ಮೊಬೈಲನ್ನು ತೋಳಿನಷ್ಟು ದೂರ ಹಿಡಿದು, ಒಮ್ಮೆ ಅದನ್ನೂ ಒಮ್ಮೆ ಗೋಡೆಯನ್ನೂ ನೋಡುತ್ತ ಹೇಳತೊಡಗಿದರು. "ಬ—ಲಕ್ಕೆ. ಇನ್ನೂ ಸ್ವಲ್ಪ. ಅಯ್ಯೋ ಅಷ್ಟಲ್ಲ, ಜಡ್ಜು ಬಿದ್ದೇ ಹೋಗ್ತಾರೆ. ಮೇಲೆ ಬನ್ನಿ. ಹಾಂ… ಹೋಯ್ತು! ನೆಟ್ಟಗೆ ಮಾಡಿಬಿಟ್ರಿ, ಹಾಳು ಮಾಡಿಬಿಟ್ರಿ!" ನನ್ನ ಕೈ ನನ್ನ ಮಾತು ಕೇಳುತ್ತಿರಲಿಲ್ಲ. ಎಷ್ಟು ವಾಲಿಸಿದರೂ ಬಿಡುವ ಕ್ಷಣದಲ್ಲಿ ಬೆರಳು ತಾನಾಗಿಯೇ ಮಟ್ಟಕ್ಕೆ ತಂದು ಬಿಡುತ್ತಿತ್ತು. ಮ್ಯಾನೇಜರ್, "ಹುಟ್ಟುಗುಣ ಸುಟ್ಟರೂ ಹೋಗಲ್ಲ" ಎಂದ. ಮಡಚಿ ಸಿಕ್ಕಿಸಿದ್ದ ಟಿಕೆಟು ತೆಗೆದೆ, ಆಗ ಚೌಕಟ್ಟು ತಾನೇ ಸ್ವಲ್ಪ ಜಾರಿತು. ಕೊನೆಗೆ ಅತ್ತೆ ಹತ್ತಿರ ಬಂದು, "ನೀವು ಕಣ್ಣು ಮುಚ್ಕೊಳ್ಳಿ" ಅಂದರು. ಮುಚ್ಚಿದೆ. ನನ್ನ ಮಣಿಕಟ್ಟನ್ನು ಹಿಡಿದು, ಮಕ್ಕಳಿಗೆ ಅಕ್ಷರ ತಿದ್ದಿಸುವ ಹಾಗೆ, ಕೈಯನ್ನು ಬೇಕಾದಷ್ಟು ಇಳಿಸಿ, "ಈಗ ಬಿಡಿ" ಅಂದರು. ಬಿಟ್ಟೆ. ಕಣ್ಣು ತೆರೆದಾಗ ಎಲ್ಲರೂ ಮೊದಲಿನಂತೆಯೇ ಬಲಕ್ಕೆ ಉರುಳುತ್ತಿದ್ದರು. ಮ್ಯಾನೇಜರ್ ಹೋಲಿಸಿ ನೋಡಿ, ಪಾಸಾಯಿತು ಅಂದ.

ಅವರ ಕೈ ಒರಟಾಗಿದೆ, ಬಿಸಿಯಾಗಿದೆ. ಅದು ನನಗೆ ಗೊತ್ತಿರಲಿಲ್ಲ.

ಅವನು ಹೋದ ಮೇಲೆ ನಾವು ಉಳಿದ ಮನೆಗಳ ತೂಬಿಗೆ ನೀರು ಹಾಕಿದೆವು. ಒಂದು ಅಡುಗೆಮನೆಯಲ್ಲಿ ನಲ್ಲಿಯ ಕೆಂಪು ನೀರು ತಿಳಿಯಾಗುವುದನ್ನು ನೋಡುತ್ತ ನಿಂತಾಗ, "ಅವಳು ಚೆನ್ನಾಗಿ ಊಟ ಮಾಡ್ತಾಳಾ?" ಎಂದು ಕೇಳಿದರು. 'ನೀವಿಬ್ಬರು ಹೇಗಿದ್ದೀರಿ' ಎಂದು ಈ ನಾಲ್ಕೈದು ದಿನಗಳಲ್ಲಿ ಒಮ್ಮೆಯೂ ಕೇಳಿಲ್ಲ. ಅದರ ಅರ್ಥ ಮಾಡಿಕೊಳ್ಳುವುದನ್ನು ನಿನಗೆ ಬಿಡುತ್ತೇನೆ, ಅವರ ಮಗಳು ನೀನು. ನೀನು ಊಟ ಮಾಡುತ್ತೀಯೋ ಇಲ್ಲವೋ ನನಗೀಗ ತಿಳಿಯುವ ದಾರಿಯಿಲ್ಲ. ಮಾಡುತ್ತಾಳೆ ಎಂದೆ.

ಇನ್ನೊಂದು ಮಾತು, ತಪ್ಪು ತಿಳಿಯಬೇಡ. ಅತ್ತೆಯ ಮೊಣಕಾಲಿನ ವಿಷಯದಲ್ಲಿ ನೀನು ಹೇಳಿದ್ದು ಸುಳ್ಳಲ್ಲ. ಮೆಟ್ಟಿಲಿನಲ್ಲಿ ಅವರು ಕಂಬಿ ಹಿಡಿದುಕೊಳ್ಳುತ್ತಾರೆ. ಆದರೆ ನಾನು ನನ್ನ ಸಾಮಾನು ತೆಗೆದುಕೊಂಡು ಬಂದ ಮೇಲೆ ಆ ಮನೆಯಲ್ಲಿ ಸಂಜೆ ಹೇಗಿರುತ್ತದೆ ಎಂದು ನಾನು ನಿನ್ನನ್ನು ಕೇಳಿದವನಲ್ಲ. ಕೇಳುವ ಹಕ್ಕೂ ಇರಲಿಲ್ಲ. ಅತ್ತೆಯನ್ನು ಕರೆತರಲು ನಿನಗೆ ಮೊಣಕಾಲು ಒಂದು ನೆಪವಾಗಿರಬಹುದು ಎಂದು ಜನರೇಟರಿನ ಪಕ್ಕದ ಆ ಕೋಣೆಯಲ್ಲಿ ಕೂತಾಗ ಹೊಳೆಯಿತು. ನನ್ನ ಬಾಡಿಗೆ ಕೋಣೆಯಲ್ಲಿಯೂ ಸಂಜೆಗಳಿವೆ. ಇದ್ದ ಫೋಟೊಗಳನ್ನೆಲ್ಲ ನೆಟ್ಟಗೆ ಮಾಡಿಯಾಗಿದೆ.

ಅವರನ್ನು ಇಲ್ಲಿಂದ ಎಬ್ಬಿಸುವುದು ಬೇಡ. ಬೇಕಾದರೆ ಜನ ಬರುವ ಮೊದಲು ನೀನೇ ಒಮ್ಮೆ ಬಾ. ಜಡ್ಜಿನ ಮನೆಯಲ್ಲಿ ಕುರ್ಚಿ ಒಂದೇ. ಕಿಟಕಿಯ ಕಟ್ಟೆ ಅಗಲವಾಗಿದೆ, ಕೂರಬಹುದು. ಬಿಸಿಲಿಗೆ ಏನಾದರೂ ತಂದುಕೋ. ಟೋಪಿಯನ್ನು ಅತ್ತೆಯ ಹತ್ತಿರ ಬಿಟ್ಟು ಹೋಗುತ್ತೇನೆ, ಆದರೆ ಅದು ನಿನಗೂ ದೊಡ್ಡದಾಗುತ್ತದೆ.

ಇಲ್ಲಿ ನೆರಳು ಸರಿದು ನನ್ನ ಕಾಲ ಮೇಲೆ ಬಿಸಿಲು ಬಂದಿದೆ. ನಿಲ್ಲಿಸುತ್ತೇನೆ.

ಏನೆಂದು ಸಹಿ ಮಾಡಬೇಕೋ ತಿಳಿಯದೆ, ನೀನಿಟ್ಟ ಹೆಸರಿನಲ್ಲೇ,

ರಸಮಟ್ಟ

ಮರೆತ ಮಾತು: ಮರೆತದ್ದಲ್ಲ, ಇಲ್ಲಿಯವರೆಗೆ ತಳ್ಳಿಕೊಂಡು ಬಂದದ್ದು. ಎರಡನೆಯ ಕೆಲಸ ಆಗಿಲ್ಲ. ಅವರಿಗೆ ನಾನು ಹೇಳಲಿಲ್ಲ. ಭಾನುವಾರ ಹೇಳಲಾಗಲಿಲ್ಲ, ಮಂಗಳವಾರದ ನಂತರ ಹೇಳುವ ಹಾಗಿರಲಿಲ್ಲ. ಅವರು ಸುಳ್ಳು ಹೇಳುವವರಲ್ಲ. ಗೊತ್ತಾದ ಮೇಲೆ ಜಡ್ಜಿನ ಎದುರು ಇನ್ನೊಂದು ಸಲ ಅಳಿಯ ಎನ್ನಲು ಅವರಿಗೆ ಬಾಯಿ ಬರುವುದಿಲ್ಲ, ಆಗ ಬೀಗದ ಕೈ ಉಳಿಯುವುದಿಲ್ಲ. ಮುಂದಿನ ತಿಂಗಳು ನಾನು ಕೋರ್ಟಿಗೆ ಬರುತ್ತೇನೆ, ಸಹಿ ಹಾಕುತ್ತೇನೆ, ಅದನ್ನು ಮುಂದೂಡು ಎಂದು ಕೇಳುತ್ತಿಲ್ಲ. ಸೀಸನ್ ಅದಾದ ಮೇಲೆ ಶುರುವಾಗುತ್ತದೆ. ಆಗ ಮೊಳೆ, ಸುತ್ತಿಗೆ ತೆಗೆದುಕೊಂಡು ನಾನು ಇಲ್ಲಿಗೆ ಬರಬೇಕು. ಇದು ಅವರ ಕೆಲಸ ಉಳಿಸಲಿಕ್ಕೆ ಎಂದು ಬರೆದು ಮುಗಿಸಬಹುದಿತ್ತು. ಅಷ್ಟೇ ಅಲ್ಲ. ಮ್ಯಾನೇಜರಿನ ಎದುರು ಅವರು ಆ ಒಂದು ಮಾತು ಹೇಳಿದಾಗ, ಬಹಳ ದಿನಗಳ ಮೇಲೆ ನನ್ನನ್ನು ಯಾರೋ ಹೆಸರು ಹಿಡಿದು ಕರೆದ ಹಾಗಾಯಿತು. ನಿನ್ನ ಗಂಡನಾಗಿ ಉಳಿಯದೆ, ಇನ್ನು ಸ್ವಲ್ಪ ಕಾಲ ನಾನು ಅವರ ಅಳಿಯನಾಗಿ ಉಳಿಯಬಹುದೇ?